ಇನ್ನೂ ಏನೂ ಆಗಿಲ್ಲ

ನಮ್ಮೂರಿನಲ್ಲಿ ಆಸ್ಪತ್ರೆಯ ಕ್ಯಾಷುಯಲ್ಟಿಯಷ್ಟು ನೆಮ್ಮದಿಯ ಜಾಗ ಇನ್ನೊಂದಿಲ್ಲ. ಸಂಜೆಯ ಹೊತ್ತಿಗೆ ಬಂದು ನೋಡಿದರೆ ನಾಳೆ ಮದುವೆ ಇರುವ ಮನೆಯ ಪಡಸಾಲೆಯ ಹಾಗೆ ಕಾಣುತ್ತದೆ. ತಲೆಗೆ ನೀರು ಹಾಕಿಕೊಂಡು, ಒಗೆದ ಬಟ್ಟೆ ಉಟ್ಟು, ಹಾಸಿಗೆ ಸುರುಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬೊಬ್ಬರಾಗಿ ಬರುತ್ತಾರೆ. ಹಿಂದೆ ಮನೆಯವರು, ಅವರ ಹಿಂದೆ ಓಣಿಯವರು, ಅವಲಕ್ಕಿ ಡಬ್ಬಿ, ಫ್ಲಾಸ್ಕು, ಚೌಕಾಬಾರದ ಕವಡೆ, ಎಲ್ಲವೂ ಬರುತ್ತವೆ. "ಯಾವಾಗ ಉಪ್ಪಾಯ್ತು?" ಎಂದು ನಾನು ಕೇಳುತ್ತೇನೆ. "ಮಧ್ಯಾಹ್ನ ಊಟಕ್ಕೆ ಕೂತಾಗ ಡಾಕ್ಟ್ರಮ್ಮ, ಮೊದಲ ಗುಟುಕಿಗೇ ಗೊತ್ತಾಗೋಯ್ತು" ಎನ್ನುತ್ತಾರೆ, ಸಾರು ಚೆನ್ನಾಗಿತ್ತು ಎಂದು ಹೇಳುವಷ್ಟೇ ಸಲೀಸಾಗಿ. ಅವರಿಗೆ ಮಂಚ ತೋರಿಸಿ, ಕೈಗೆ ಸೂಜಿ ಕೂರಿಸಿ, ಆಮ್ಲಜನಕದ ಸಿಲಿಂಡರನ್ನು ಪಕ್ಕಕ್ಕೆ ಎಳೆದಿಟ್ಟು, ನಾನೂ ಒಂದು ಸ್ಟೂಲು ಹಾಕಿಕೊಂಡು ಕೂರುತ್ತೇನೆ. ಆಮೇಲೆ ಕಾಯುವುದೇ ಕೆಲಸ.

ನಾಳೆ ಏನಾದರೂ ಆಗಲಿರುವವರಿಗೆ ಇವತ್ತು ಕುಡಿಯುವ ನೀರು ಉಪ್ಪಾಗುತ್ತದೆ. ಪಕ್ಕದವರು ಅದೇ ಚೊಂಬಿನಿಂದ ಕುಡಿದರೆ ಎಂದಿನ ನೀರೇ. ಎದೆ ಹಿಡಿದುಕೊಳ್ಳುವುದೋ, ಬಚ್ಚಲಲ್ಲಿ ಕಾಲು ಜಾರುವುದೋ, ಹಾವು ಕಚ್ಚುವುದೋ, ನೀರು ಅದನ್ನೆಲ್ಲ ಹೇಳುವುದಿಲ್ಲ. ಮರುದಿನ ಹೊತ್ತು ಮುಳುಗುವುದರೊಳಗೆ ಎಂಬುದಷ್ಟೇ ಖಾತ್ರಿ. ತಪ್ಪಿಸಿಕೊಳ್ಳಲು ನೋಡಿದವರೂ ಇದ್ದಾರೆ. ಮಂಚದಿಂದ ಬಿದ್ದೇನೆಂದು ಮಂಚದ ಅಡಿಯಲ್ಲೇ ಮಲಗಿದ ಗಾಣದ ಚಿನ್ನಪ್ಪನ ಮೇಲೆ ಮಂಚವೇ ಮುರಿದುಬಿತ್ತು. ಅಂದಿನಿಂದ ಯಾರೂ ಜಾಣತನ ತೋರಿಸಲು ಹೋಗಿಲ್ಲ, ನೆಟ್ಟಗೆ ಆಸ್ಪತ್ರೆಗೆ ಬರುತ್ತಾರೆ. ಬರುವ ಮುನ್ನ ಮಾಡಬೇಕಾದ್ದನ್ನೆಲ್ಲ ಮಾಡಿ ಬರುತ್ತಾರೆ. ಮುನಿಸಿಕೊಂಡವರನ್ನು ಮಾತಾಡಿಸಿರುತ್ತಾರೆ, ಹಸುವನ್ನು ಪಕ್ಕದ ಮನೆಗೆ ಒಪ್ಪಿಸಿರುತ್ತಾರೆ, ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟಿರುತ್ತಾರೆ. ಡಾಕ್ಟರು ಮೈ ಮುಟ್ಟುವ ಮೊದಲು "ಎಲ್ಲ ಮುಗೀತಾ?" ಎಂದು ಕೇಳಬೇಕು, ಅವರು "ಮುಗೀತು" ಎನ್ನಬೇಕು. ನಮ್ಮಲ್ಲಿ ನಾಡಿ ನೋಡುವುದಕ್ಕಿಂತ ಹಳೆಯ ಪದ್ಧತಿ ಇದು. ಹೀಗೆ ಬಂದವರಲ್ಲಿ ಮುಕ್ಕಾಲು ಪಾಲು ಜನ ನಾಲ್ಕಾರು ದಿನಕ್ಕೆ ಹಾಸಿಗೆ ಸುತ್ತಿಕೊಂಡು ಮನೆಗೆ ಹೋಗುತ್ತಾರೆ.

ನನಗೆ ಮಾತ್ರ ನೀರು ಉಪ್ಪಾಗುವುದಿಲ್ಲ. ಊರು ಬಿಟ್ಟು ಹೋಗಿ ಒಂದು ವರ್ಷ ಹೊರಗಿನ ನೀರು ಕುಡಿದವರ ನಾಲಿಗೆ ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ. ನಾನು ಎಂಬಿಬಿಎಸ್ ಓದಲು ಹೋಗಿ ವರ್ಷಗಟ್ಟಲೆ ಕುಡಿದವಳು. ನಮ್ಮ ದೊಡ್ಡ ಡಾಕ್ಟರು ಗುರುಪಾದಪ್ಪನವರದೂ ಅದೇ ಕತೆ. ಊರಿಗೆ ಡಾಕ್ಟರು ಬೇಕು, ಆದರೆ ತಮ್ಮ ಮನೆಯ ಮಗುವನ್ನು ಡಾಕ್ಟರು ಮಾಡುವುದು ಯಾರಿಗೂ ಬೇಡ. ಪಂಪಾಪತಿ ನನ್ನ ನಾಲಿಗೆ ಹೋಗಿದೆ ಎಂದು ಗೊತ್ತಿದ್ದೇ ಮದುವೆಯಾದರು. ಅವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಲೆಕ್ಕ ತಾಳೆಯಾಗದಿದ್ದರೆ ಅನ್ನ ಸೇರದ ಮನುಷ್ಯ. ಆದರೂ ಹೆಣ್ಣು ನೋಡಲು ಬಂದ ದಿನ "ನಾಲಿಗೆ ಹೋದ್ರೆ ಏನಂತೆ, ಜಗಳ ಆಡೋಕೆ ಬಾಯಿ ಇದೆಯಲ್ಲ" ಎಂದು ಹಿರಿಯರ ಎದುರೇ ಹೇಳಿ ನನ್ನನ್ನು ನಗಿಸಿದ್ದರು. ಆ ನಗುವಿನ ಮೇಲೆಯೇ ನಮ್ಮ ಮದುವೆಯ ಮೊದಲ ದಿನಗಳು ಕಳೆದವು.

ಆಮೇಲೆ ಒಂದು ಬೆಳಿಗ್ಗೆ ನಾನು ತರಕಾರಿ ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ನಿಂತವಳು ನಿಂತಲ್ಲೇ ಕುಸಿದೆ. ಬಸಿರು ನಿಲ್ಲಬಾರದ ಜಾಗದಲ್ಲಿ ನಿಂತು ಒಡೆದಿತ್ತು. ಬಸಿರೆಂದು ನನಗೇ ಗೊತ್ತಿರಲಿಲ್ಲ. ಕಣ್ಣು ಮಂಜಾಗುವಾಗ ಸುತ್ತ ನಿಂತಿದ್ದವರ ಮುಖಗಳು ಕಂಡವು. ಅಯ್ಯೋ ಎಂದವರಿಲ್ಲ. "ನಿನ್ನೆ ಯಾಕಮ್ಮ ಹೇಳ್ಲಿಲ್ಲ?" ಎಂದು ತರಕಾರಿಯವಳು ಗದರುತ್ತಿದ್ದಳು, "ಹೇಳ್ದೆ ಕೇಳ್ದೆ ಹಿಂಗೆ ಬೀಳೋದಾ?" ಯಾರಿಗೂ ಕೈಕಾಲು ಆಡಲಿಲ್ಲ, ಏಕೆಂದರೆ ಹೀಗೆ ಬೀಳುವವರನ್ನು ಅವರು ಕಂಡೇ ಇರಲಿಲ್ಲ. ಕೊನೆಗೆ ಯಾರೋ ಗಾಡಿಯಲ್ಲಿ ಹಾಕಿಕೊಂಡು ಬಂದರು. ಗುರುಪಾದಪ್ಪನವರು ಹೊಟ್ಟೆ ತೆರೆದು ನನ್ನನ್ನು ಉಳಿಸಿದರು.

ಉಳಿದೆ, ಆದರೆ ಊರು ನನ್ನ ಪಾಲಿಗೆ ಮೊದಲಿನಂತೆ ಉಳಿಯಲಿಲ್ಲ. ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಅಂಗಡಿಯವನು ಬೆವರುತ್ತಿದ್ದ, ಬೇಗ ಬೇಗ ಪೊಟ್ಟಣ ಕಟ್ಟಿಕೊಟ್ಟು ಕಳಿಸುತ್ತಿದ್ದ. ಮದುವೆ ಮುಂಜಿಗೆ ಕರೆಯುವುದು ನಿಂತಿತು; ಆರತಿ ತಟ್ಟೆ ಹಿಡಿದವಳು ಅಲ್ಲೇ ಬಿದ್ದುಬಿಟ್ಟರೆ? ಯಾರೂ ಕೆಟ್ಟ ಮಾತಾಡಲಿಲ್ಲ. ಕೆಟ್ಟ ಮಾತಾಡಿದ್ದರೆ ನಾನೂ ನಾಲ್ಕು ಬಯ್ದು ಹಗುರಾಗುತ್ತಿದ್ದೆ. ಮನೆಯಲ್ಲಿ ಪಂಪಾಪತಿ ನಿದ್ದೆ ಬಿಟ್ಟರು. ನಡುನಡುವೆ ಎದ್ದು ನನ್ನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದರು. ಬೆಳಿಗ್ಗೆ ಶಾಲೆಯಲ್ಲಿ ಬೋರ್ಡಿನ ಮುಂದೆಯೇ ತೂಕಡಿಸುತ್ತಿದ್ದರು. ಒಣಗಿ ಕಡ್ಡಿಯಾದರು. ಕೊನೆಗೆ ಒಂದು ದಿನ ಟ್ರಂಕು ತೆಗೆದುಕೊಂಡು, ಎರಡು ಬೀದಿ ಆಚೆಗಿದ್ದ ಅಣ್ಣನ ಮನೆಗೆ ಹೋದರು. "ಸಿಟ್ಟಿಲ್ಲ ಮಂದಾ, ನಂಗೆ ತಡೆಯೋಕಾಗ್ತಿಲ್ಲ ಅಷ್ಟೇ" ಎಂದರು. ಅದು ನಿಜವಿತ್ತು. ಅಂದಿನಿಂದ ದಿನಾ ಸಂಜೆ ನಮ್ಮ ಗೇಟಿನವರೆಗೆ ಬಂದು, ನಾನು ಇದ್ದೇನೆಂದು ನೋಡಿಕೊಂಡು, ಎರಡು ಮಾತಾಡಿ ಹೋಗುತ್ತಿದ್ದರು. ಗೇಟಿನ ಕೊಂಡಿಯ ಸದ್ದಿಗೆ ನಾನು ದಿನವಿಡೀ ಕಾಯುತ್ತಿದ್ದೆ, ಅವರು ಹೋದ ಮೇಲೆ ಒಬ್ಬಳೇ ಕೂತು ಅಳುತ್ತಿದ್ದೆ.

ಎಮರ್ಜೆನ್ಸಿ ಮೆಡಿಸಿನ್ ಎಂಬ ಪಿಜಿ ಇದೆಯೆಂದು ಪೇಪರು ತೋರಿಸಿದವರು ಗುರುಪಾದಪ್ಪನವರು. "ಹೇಳ್ದೆ ಕೇಳ್ದೆ ಬೀಳೋರ್ನ ನೋಡ್ಕೊಳ್ಳೋ ಓದಂತೆ ಇದು. ನಮ್ಮೂರಿಗೆ ಕೆಲಸಕ್ಕೆ ಬರಲ್ಲ, ನಮ್ಮಿಬ್ರಿಗೆ ಬರತ್ತೆ" ಎಂದರು. ಅವರಿಗೆ ಹೆಂಡತಿ ಮಕ್ಕಳಿಲ್ಲ, ಆಸ್ಪತ್ರೆಯ ಕ್ವಾರ್ಟರ್ಸಿನಲ್ಲೇ ಇರುತ್ತಾರೆ. ಯಾರಾದರೂ ಊಟಕ್ಕೆ ಕರೆದು ಎಷ್ಟು ಕಾಲವಾಯಿತೆಂದು ಅವರಿಗೇ ನೆನಪಿಲ್ಲ. ನಾನು ಪ್ರವೇಶ ಪರೀಕ್ಷೆ ಬರೆದೆ, ರ್‍ಯಾಂಕೂ ಬಂತು. ಆದರೆ ಆ ದೊಡ್ಡ ಆಸ್ಪತ್ರೆಯವರು ರ್‍ಯಾಂಕು ನೋಡಿ ಸೀಟು ಕೊಡುವವರಲ್ಲ. ಕರೆದವರನ್ನೆಲ್ಲ ಒಂದು ದಿನ ತಮ್ಮ ಕ್ಯಾಷುಯಲ್ಟಿಯಲ್ಲಿ ಸಂಜೆಯವರೆಗೆ ದುಡಿಸಿ, ನೋಡಿ, ಆಮೇಲೆ ಆರಿಸುತ್ತಾರೆ. ಇದ್ದದ್ದು ಎರಡು ಸೀಟು, ಕರೆ ಬಂದದ್ದು ಎಂಟು ಜನಕ್ಕೆ.

ಗೇಟಿನ ಹತ್ತಿರ ಪಂಪಾಪತಿಗೆ ಹೇಳಿದೆ. "ಮೂರು ವರ್ಷಾನಾ?" ಎಂದರು. "ಸೀಟು ಸಿಕ್ಕಿದ್ರೆ. ನೀವೂ ಬನ್ನಿ, ಅಲ್ಲಿ ಶಾಲೆಗಳಿಲ್ವಾ?" ಎಂದೆ. ಅವರು ಗೇಟಿನ ತುಕ್ಕನ್ನು ಉಗುರಿನಿಂದ ಕೆರೆಯುತ್ತ ನಿಂತರು. "ನಾನು ಬಂದ್ರೆ ಒಂದು ವರ್ಷಕ್ಕೆ ನನ್ನ ನಾಲಿಗೆನೂ ಹೋಗತ್ತೆ ಮಂದಾ. ಆಮೇಲೆ ಇಬ್ರೂ ಕಣ್ಣು ಕಟ್ಕೊಂಡ ಹಾಗೆ. ಯಾರು ಯಾರನ್ನ ನೋಡ್ಕೊಳ್ಳೋದು?" ಹೊರಗಿನ ಲೋಕವೆಲ್ಲ ಹಾಗೆಯೇ ಬದುಕಿದೆ ಎಂದು ನಾನು ಹೇಳಿದೆ. ಹೇಗೆ ಬದುಕಿದ್ದಾರೆ ಎಂದು ಅವರು ನಿಜವಾದ ಆಶ್ಚರ್ಯದಿಂದ ಕೇಳಿದರು. ಪರೀಕ್ಷೆಗೆ ಎರಡು ದಿನ ಮುಂಚೆ ನಾನು ಹೊರಟ ಸಂಜೆ ಬಸ್ ಸ್ಟ್ಯಾಂಡಿಗೆ ಅವರು ಬರಲಿಲ್ಲ. ಊರಿನ ಇತರರು ಬಂದಿದ್ದರು, ಎಲ್ಲರ ಮುಖದಲ್ಲೂ ಒಂದು ಬಗೆಯ ನಿರಾಳವಿತ್ತು, ಕಿತ್ತಳೆ ಹಣ್ಣು ಕೊಟ್ಟು ಕಳಿಸಿದರು.

ಆ ಕ್ಯಾಷುಯಲ್ಟಿಯನ್ನು ಮೊದಲ ಸಲ ನೋಡಿದಾಗ ಬಾಗಿಲಲ್ಲೇ ನಿಂತುಬಿಟ್ಟೆ. ಜನ ಓಡಿ ಬರುತ್ತಿದ್ದರು. ಒಬ್ಬಳ ಕೈಯಲ್ಲಿ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು. ಒಬ್ಬ ಅರ್ಧ ಗಡ್ಡ ಹೆರೆದುಕೊಂಡಿದ್ದ, ಇನ್ನರ್ಧಕ್ಕೆ ನೊರೆ ಹಾಗೇ ಇತ್ತು. ಯಾರಿಗೂ ಏನೂ ಗೊತ್ತಿರಲಿಲ್ಲ, ಯಾರಿಗೂ ಯಾರೂ ಹೇಳಿರಲಿಲ್ಲ. ಎಲ್ಲರೂ ನನ್ನ ಹಾಗೆಯೇ. ಇಷ್ಟು ಜನ ನನ್ನವರು ಲೋಕದಲ್ಲಿದ್ದಾರೆಂದು ತಿಳಿದು ಬಾಗಿಲ ಬಳಿ ನಿಂತು ಕಣ್ಣೊರೆಸಿಕೊಂಡೆ. ವಿಭಾಗದ ಮುಖ್ಯಸ್ಥೆ ಡಾಕ್ಟರ್ ಕಾತ್ಯಾಯಿನಿ ಮೇಡಂ ಎಂಟೂ ಜನರನ್ನು ಸಾಲಾಗಿ ನಿಲ್ಲಿಸಿ ಈ ಬ್ರಾಂಚ್ ಯಾಕೆ ಬೇಕೆಂದು ಕೇಳಿದರು. ಜೀವ ಉಳಿಸಲು ಎಂದರು ಕೆಲವರು, ಸವಾಲು ಇಷ್ಟ ಎಂದರು ಕೆಲವರು. "ನಮ್ಮೂರಲ್ಲಿ ಹೇಳ್ದೆ ಕೇಳ್ದೆ ಬಿದ್ದೋಳು ನಾನೊಬ್ಬಳೇ ಮೇಡಂ. ಮಿಕ್ಕವರನ್ನ ನೋಡ್ಬೇಕಿತ್ತು" ಎಂದೆ ನಾನು. ಮೇಡಂ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಮುಂದಿನವರ ಕಡೆ ತಿರುಗಿದರು.

ಕೆಲಸ ಶುರುವಾದ ಅರ್ಧ ಗಂಟೆಗೇ ಎಡವಟ್ಟು ಮಾಡಿದೆ. ಗಾರೆ ಕೆಲಸದವನೊಬ್ಬ ಅಟ್ಟಣಿಗೆಯಿಂದ ಬಿದ್ದಿದ್ದ. ಪ್ರಜ್ಞೆ ಇತ್ತು, ನರಳುತ್ತಿದ್ದ. ನಾನು ಕೈಗೆ ಗ್ಲೋವ್ಸ್ ಏರಿಸಿಕೊಂಡು, ಅವನ ಮುಖದ ಹತ್ತಿರ ಬಾಗಿ, ರೂಢಿಯ ಬಲದಲ್ಲಿ, ಮೆತ್ತಗೆ, ಆದರದಿಂದ "ಎಲ್ಲ ಮುಗೀತಾ?" ಎಂದು ಕೇಳಿದೆ. ಅವನ ಹೆಂಡತಿ ಎದೆ ಬಡಿದುಕೊಂಡು ಕಿರುಚಿದಳು. "ಮುಗೀತು ಅಂತಾವ್ಳೆ ಕಣಣ್ಣೋ!" ಎಂದು ಅವಳು ನೆಲಕ್ಕೆ ಕುಸಿಯುವುದಕ್ಕೂ ಅವಳ ಅಣ್ಣ ನನ್ನ ಕೋಟಿನ ಕಾಲರಿಗೆ ಕೈ ಹಾಕುವುದಕ್ಕೂ ಸರಿಹೋಯಿತು. ಮೇಡಂ ನಡುವೆ ಬಂದು ಅವರನ್ನು ಸಮಾಧಾನ ಮಾಡಿ, ನನ್ನನ್ನು ಕಂಬದ ಮರೆಗೆ ಕರೆದುಕೊಂಡು ಹೋಗಿ ಏನಿದು ಎಂದು ಕೇಳಿದರು. ನಮ್ಮ ಪದ್ಧತಿಯನ್ನು ಹೇಳಿದೆ. ಅವರಿಗೆ ಎಷ್ಟು ಅರ್ಥವಾಯಿತೋ. "ಇಲ್ಲಿಗೆ ಬರೋರು ಯಾರೂ ಏನನ್ನೂ ಮುಗಿಸಿರಲ್ಲ ಡಾಕ್ಟ್ರೇ. ಇನ್ನೊಂದ್ಸಲ ಕೇಳಬೇಡಿ" ಎಂದರು. ಅಲ್ಲಿಂದಾಚೆ ನಾನು ಬಾಯಿಗೆ ಬೀಗ ಹಾಕಿ ಕೈಗೆ ಮಾತ್ರ ಕೆಲಸ ಕೊಟ್ಟೆ. ಕೈ ಚೆನ್ನಾಗಿಯೇ ನಡೆಯಿತು. ಗಾರೆಯವನ ಮುರಿದ ತೊಡೆಗೆ ಪಟ್ಟಿ ಕಟ್ಟಿದೆ, ಉಸಿರು ಸಿಕ್ಕಿಕೊಂಡಿದ್ದ ಒಂದು ಮಗುವಿನ ಗಂಟಲಿನಿಂದ ಹುಣಸೆ ಬೀಜ ತೆಗೆದೆ. ಮೇಡಂ ದೂರದಿಂದ ನೋಡಿದ್ದು ಗಮನಕ್ಕೆ ಬಂತು, ಸೀಟು ಕೈಗೆಟುಕುವಷ್ಟು ಹತ್ತಿರ ಇದೆ ಎನಿಸಿತು.

ಹನ್ನೊಂದರ ಸುಮಾರಿಗೆ ಮುಂಬಾಗಿಲ ಕೌಂಟರಿನಲ್ಲಿ ಸಿಸ್ಟರ್ ಜೆಸಿಂತಾ ಯಾರ ಮೇಲೋ ರೇಗುತ್ತಿದ್ದರು.

"ಏನಾಗಿದೆ ಅಂತ ಕೇಳಿದ್ದು ನಾನು."

"ಇನ್ನೂ ಏನೂ ಆಗಿಲ್ಲ ಸಿಸ್ಟರ್."

"ಮತ್ತೆ ಯಾಕ್ರೀ ಬಂದ್ರಿ?"

"ಸಂಜೆಯೊಳಗೆ ಆಗತ್ತೆ. ಮಂಚ ಯಾವ ಕಡೆ?"

"ಆದ್ಮೇಲೆ ಬನ್ನಿ, ಕೊಡ್ತೀನಿ ಮಂಚ. ಮುಂದಿನೋರು ಯಾರು?"

ಆ ದನಿ ಕೇಳಿ ತಿರುಗಿದೆ. ಪಂಪಾಪತಿ ನಿಂತಿದ್ದರು. ತಲೆಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಂಕುಳಲ್ಲಿ ಹಾಸಿಗೆ ಸುರುಳಿ ಇಟ್ಟುಕೊಂಡು. ಸುತ್ತ ರಕ್ತ, ಕೂಗಾಟ, ತಳ್ಳಾಟ. ನನ್ನನ್ನು ಕಂಡು ಅವರು ಮದುವೆ ಮನೆಗೆ ತಡವಾಗಿ ಬಂದವರಂತೆ ಸಂಕೋಚದಿಂದ ನಕ್ಕರು. "ನಿನ್ನೆ ಮಧ್ಯಾಹ್ನ ಉಪ್ಪಾಯ್ತು" ಎಂದರು.

"ಊರಲ್ಲೇ ಹೋಗೋದಲ್ವಾ ರೀ? ಗುರುಪಾದಪ್ಪನೋರು ಇದ್ರಲ್ಲ! ಬಸ್ಸಲ್ಲೇ ಏನಾದ್ರೂ ಆಗಿದ್ರೆ?"

"ಆಗ್ಲಿಲ್ವಲ್ಲ. ಅತ್ತಿಗೆ ಹಾಸಿಗೆ ಸುತ್ತಿ ಕೊಟ್ರು, ಅಣ್ಣ ಓಣಿಗೆಲ್ಲ ಹೇಳ್ಬಂದ. ಎಲ್ರೂ ಹೊರಟು ನಿಂತಿದ್ರು. ಬಾಗ್ಲಲ್ಲಿ ನಿಂತು ನೋಡ್ದೆ, ಅಷ್ಟು ಜನದಲ್ಲಿ ನೀನಿಲ್ಲ. ಈಗ ಬಂದೆ ಅಂತ ಹೇಳಿ ಬಸ್ ಹತ್ತಿಬಿಟ್ಟೆ."

ಆ ಗಳಿಗೆಯಲ್ಲಿ ನನಗಾದ ಸಂತೋಷವನ್ನು ಹೇಳಿದರೆ ನೀವು ನನ್ನನ್ನು ಬಯ್ಯುತ್ತೀರಿ. ಗಂಡನಿಗೆ ಸಂಜೆಯೊಳಗೆ ಏನೋ ಆಗಲಿದೆ, ನನಗೆ ಸಂತೋಷ. ಗೇಟು ದಾಟಿ ಒಳಗೆ ಬರದ ಮನುಷ್ಯ, ಇದ್ದೊಂದು ದಿನವನ್ನು ಬಸ್ಸಿನಲ್ಲಿ ಕಳೆದು ನನ್ನ ಹತ್ತಿರ ಬಂದಿದ್ದರು.

ಸಂತೋಷ ಒಂದು ಕ್ಷಣದ್ದು. ನಾನು ಅವರ ಇಸಿಜಿ ಮಾಡಿಸಿದೆ, ರಕ್ತದ ಒತ್ತಡ ನೋಡಿದೆ. ಎಲ್ಲ ಸರಿ ಇತ್ತು. ನೆಟ್ಟಗೆ ಮೇಡಂ ಬಳಿ ಹೋಗಿ ಒಂದು ಮಂಚ ಕೊಡಿ ಎಂದು ಕೇಳಿದೆ. ಆ ಆಸ್ಪತ್ರೆಯಲ್ಲಿ ಬಂದವರ ಕೈಗೆ ಪಟ್ಟಿ ಕಟ್ಟುತ್ತಾರೆ: ಈಗಲೇ ನೋಡದಿದ್ದರೆ ಹೋಗಿಬಿಡುವವರಿಗೆ ಕೆಂಪು, ಸ್ವಲ್ಪ ತಾಳಬಲ್ಲವರಿಗೆ ಹಳದಿ, ಕಾಯಬಲ್ಲವರಿಗೆ ಹಸಿರು. ಮೇಡಂ ಪಂಪಾಪತಿಯ ಇಸ್ತ್ರಿ ಅಂಗಿಯನ್ನು ನೋಡಿದರು. "ಕೆಂಪಿನೋರೇ ನೆಲದ ಮೇಲೆ ಮಲಗಿದಾರೆ. ಇವರಿಗೆ ಹಸಿರು ಕಟ್ಟೋಕೂ ನಂಗೆ ಕಾರಣ ಇಲ್ಲ. ಯಾರಿವರು?" ಎಂದರು. ನನ್ನ ಗಂಡ ಎಂದೆ. "ಬೆಂಚ್ ಮೇಲೆ ಕೂರಿಸಿ. ಅವರ ಜೊತೆ ಕೂರಬೇಕು ಅಂದ್ರೆ ಕೂತ್ಕೊಳ್ಳಿ, ತಪ್ಪಿಲ್ಲ. ಆದ್ರೆ ನಿಮ್ಮ ಪರೀಕ್ಷೆ ಅಲ್ಲಿಗೆ ಮುಗೀತು."

ಕೂತುಕೊಳ್ಳಲಾ ಎಂದು ಪಂಪಾಪತಿಯನ್ನೇ ಕೇಳಿದೆ. "ಬೇಡ ಬೇಡ, ಹೋಗು. ನೀನು ಕೆಲಸ ಮಾಡೋದನ್ನ ನಾನು ನೋಡೇ ಇರ್ಲಿಲ್ಲ. ಇಲ್ಲಿಂದ ಚೆನ್ನಾಗಿ ಕಾಣತ್ತೆ" ಎಂದು ಹಾಸಿಗೆ ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತರು. ಪಕ್ಕದಲ್ಲಿ ಅಳುತ್ತಿದ್ದ ಒಬ್ಬ ಮುದುಕಿಗೆ ಬುತ್ತಿಯ ಚಿತ್ರಾನ್ನ ಕೊಟ್ಟರು. ನಾನು ಹೋದೆ. ಮಧ್ಯಾಹ್ನವೆಲ್ಲ ಒಂದು ಕಣ್ಣು ರೋಗಿಯ ಮೇಲೆ, ಒಂದು ಕಣ್ಣು ಬೆಂಚಿನ ಮೇಲೆ. ಮಂಚವಿಲ್ಲದಿದ್ದರೇನು, ಕಾಯುವುದು ಹೇಗೆಂದು ನನಗೆ ಗೊತ್ತು. ನಮ್ಮೂರಿನಲ್ಲಿ ಅದೇ ನನ್ನ ವಿದ್ಯೆ. ಒಂದು ಟ್ರೇಯಲ್ಲಿ ಸಿರಿಂಜುಗಳಿಗೆ ಔಷಧಿ ತುಂಬಿ ಬೆಂಚಿನ ಕೆಳಗೆ ಇಟ್ಟೆ. ಅವರ ಕೈಗೆ ಸೂಜಿ ಕೂರಿಸಿ ಅಂಗಿಯ ತೋಳು ಇಳಿಬಿಟ್ಟೆ. ಹೊತ್ತು ವಾಲತೊಡಗಿದಾಗ ತಡೆಯಲಾಗದೆ, ಹೃದಯಕ್ಕೆ ಶಾಕ್ ಕೊಡುವ ಮೆಷಿನ್ನಿನ ಟ್ರಾಲಿಯನ್ನು ಮೂಲೆಯಿಂದ ತಳ್ಳಿಕೊಂಡು ಬಂದು ಬೆಂಚಿನ ಪಕ್ಕದ ಕಂಬದ ಹಿಂದೆ ನಿಲ್ಲಿಸಿದೆ. ಆ ವಾರ್ಡಿನಲ್ಲಿ ಅಂಥವು ಮೂರಿದ್ದವು, ಎರಡು ಆಗಲೇ ರೋಗಿಗಳ ಬಳಿ ಇದ್ದವು. ಅದು ಮೂರನೆಯದು.

ಐದೂವರೆಯಾಗಿರಬೇಕು. ಕಿಟಕಿಯ ಬಿಸಿಲು ಕೆಂಪಾಗಿ ಪಂಪಾಪತಿಯ ಮೊಣಕಾಲಿನ ಮೇಲೆ ಬಿದ್ದಿತ್ತು. ಒಳಗಿನ ಮಂಚದಲ್ಲಿದ್ದ ಆಟೋ ಡ್ರೈವರ್ ಒಬ್ಬನ ಹೃದಯ ನಿಂತಿತು. "ಟ್ರಾಲಿ! ಟ್ರಾಲಿ ಎಲ್ಲಿ?" ಎಂದು ಕೂಗಿದರು. ಮೂಲೆ ಖಾಲಿ. ಯಾರೋ ಪಕ್ಕದ ಐಸಿಯುವಿಗೆ ಓಡಿದರು. ಒಬ್ಬರು ಅವನ ಎದೆ ಒತ್ತುತ್ತಿದ್ದರು. ನಾನು ಕಂಬದ ಹಿಂದೆ ನಿಂತಿದ್ದೆ. ನನ್ನ ಕೈ ಟ್ರಾಲಿಯ ಹಿಡಿಯ ಮೇಲೆಯೇ ಇತ್ತು. ತಳ್ಳಿಕೊಂಡು ಹೋಗಲು ಹತ್ತು ಹೆಜ್ಜೆ ಬೇಕಾಗಿರಲಿಲ್ಲ. ಆ ಮನುಷ್ಯನಿಗೆ ಆಗಿಹೋಗಿತ್ತು, ನನ್ನ ಗಂಡನಿಗೆ ಇನ್ನೂ ಏನೂ ಆಗಿರಲಿಲ್ಲ. ಓದಿದ್ದು, ಕಲಿತದ್ದು, ಬೆಳಗಿನಿಂದ ಕಂಡದ್ದು ಎಲ್ಲ ಹೋಗು ಎಂದವು. ಬಿಸಿಲು ಅವರ ಮೊಣಕಾಲಿನಿಂದ ಜಾರಿ ಪಾದಕ್ಕೆ ಬಂದಿತ್ತು. ನಾನು ಹಿಡಿ ಬಿಡಲಿಲ್ಲ. ಐಸಿಯುವಿನಿಂದ ಇನ್ನೊಂದು ಟ್ರಾಲಿ ಗಡಗಡ ಸದ್ದು ಮಾಡುತ್ತ ಬರುವ ತನಕವೂ ಬಿಡಲಿಲ್ಲ.

ಅತ್ತ ಆಟೋದವನ ಎದೆಬಡಿತ ಮರಳಿತೆಂದು ಯಾರೋ ಕೂಗುತ್ತಿರುವಾಗಲೇ ಇತ್ತ ಪಂಪಾಪತಿ ನನ್ನ ಕಡೆ ನೋಡಿ "ಮಂದಾ" ಎಂದರು, ಹಾಸಿಗೆ ಸುರುಳಿ ಮಡಿಲಿನಿಂದ ಉರುಳಿತು, ಅದರ ಹಿಂದೆಯೇ ಅವರೂ. ಅವರು ನೆಲ ಮುಟ್ಟುವ ಮೊದಲು ನನ್ನ ತೋಳು ಅವರ ಕತ್ತಿನ ಕೆಳಗಿತ್ತು. ಅಂಗಿ ಹರಿದೆ. ಶಾಕ್ ಕೊಟ್ಟೆ. ಇನ್ನೊಂದು ಕೊಟ್ಟೆ. ಎದೆ ಒತ್ತಿದೆ, ಔಷಧಿ ಏರಿಸಿದೆ, ಮೂರನೆಯ ಶಾಕಿಗೆ ನಾಡಿ ಕೈಗೆ ಸಿಕ್ಕಿತು. ತಲೆ ಎತ್ತಿ ನೋಡಿದಾಗ ಸುತ್ತ ಎಲ್ಲರೂ ನಿಂತಿದ್ದರು. ಮೇಡಂ ಪಂಪಾಪತಿಯ ಮುಖ ನೋಡುತ್ತಿರಲಿಲ್ಲ. ಬೆಂಚಿನ ಕೆಳಗಿನ ಟ್ರೇಯನ್ನು, ಕಂಬದ ಹಿಂದಿನ ಟ್ರಾಲಿಯನ್ನು ನೋಡುತ್ತಿದ್ದರು.

ಪಂಪಾಪತಿಗೆ ಹೃದಯದ ನಾಳ ತೆರೆದು ಸ್ಟೆಂಟ್ ಹಾಕಿದ ಮೇಲೆ ಮೇಡಂ ನನ್ನನ್ನು ತಮ್ಮ ಕೋಣೆಗೆ ಕರೆದು ಟೀ ತರಿಸಿದರು. "ಹೇಗೆ ಗೊತ್ತಾಯ್ತು ಅಂತ ಕೇಳಲ್ಲ. ನೀವು ಹೇಳಿದ್ರೂ ನಂಗೆ ಅರ್ಥ ಆಗಲ್ಲ" ಎಂದರು. ಆಮೇಲೆ, "ನಿಮ್ಮಷ್ಟು ಬೇಗ ಕೈ ಓಡಿಸೋರನ್ನ ನಾನು ಈ ವರ್ಷ ನೋಡಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೂ ಅದನ್ನೇ ಮಾಡ್ತಿದ್ದೆನೇನೋ. ಆದ್ರೆ ಸೀಟು ಕೊಡೋಕಾಗಲ್ಲ." ನಾನು ತಲೆ ತಗ್ಗಿಸಿದೆ. "ಆಟೋದವನು ಉಳ್ಕೊಂಡ. ಅದು ಅವನ ಪುಣ್ಯ, ನಿಮ್ದಲ್ಲ" ಎಂದರು. ಆ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಟೀ ಕುಡಿದು ಎದ್ದು ಬಂದೆ. ಪಂಪಾಪತಿಯ ಮಂಚದ ಪಕ್ಕ ಕೂತು, ಅವರ ಎದೆ ಏರಿಳಿಯುವುದನ್ನು ನೋಡುತ್ತ, ಸೀಟು ಹೋದರೆ ಹೋಯಿತು, ಮನೆ ಬಂತಲ್ಲ ಎಂದುಕೊಂಡೆ.

ವಾರ ಕಳೆದು ಅವರನ್ನು ಕರೆದುಕೊಂಡು ಊರಿಗೆ ಹೊರಟೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಕೈ ಹಿಡಿದು ಕೂತಿದ್ದರು. ಹಿತ್ತಲ ಕಡೆಯ ಕೋಣೆಗೆ ಸುಣ್ಣ ಹೊಡೆಸಬೇಕು, ಅವರ ಮೇಜನ್ನು ಕಿಟಕಿಯ ಹತ್ತಿರ ಹಾಕಬೇಕು ಎಂದು ನಾನು ಮನಸ್ಸಿನಲ್ಲೇ ಮನೆ ಜೋಡಿಸುತ್ತಿದ್ದೆ. ಬಸ್ ಸ್ಟ್ಯಾಂಡಿನಿಂದ ನಡೆದು ಬಂದು ಅಣ್ಣನ ಮನೆಯ ಬೀದಿಯ ತಿರುವಿನಲ್ಲಿ ಅವರು ನಿಂತರು. ನಾನು ಎರಡು ಹೆಜ್ಜೆ ಮುಂದೆ ಹೋಗಿದ್ದವಳು ತಿರುಗಿ ನೋಡಿದೆ.

"ನಿನ್ನ ಹತ್ರ ಬರೋ ಧೈರ್ಯ ಬಂತು ಮಂದಾ. ನಿನ್ನ ಜೊತೆ ಇರೋ ಧೈರ್ಯ ಇನ್ನೂ ಇಲ್ಲ" ಎಂದರು. ಅವರ ಕಣ್ಣಲ್ಲಿ ನೀರಿತ್ತು. "ನಂಗಾದ್ರೆ ನೀನು ಟ್ರಾಲಿ ಇಟ್ಕೊಂಡು ಕಾಯ್ತೀಯ. ನಿಂಗಾದ್ರೆ ನಾನು ಏನು ಇಟ್ಕೊಂಡು ಕಾಯ್ಲಿ? ಯಾವಾಗ ಕಾಯ್ಲಿ?"

ಔಷಧಿಯ ಚೀಲವನ್ನು ಅವರ ಕೈಗೆ ಕೊಟ್ಟು, ಯಾವುದು ಬೆಳಿಗ್ಗೆಗೆ ಯಾವುದು ರಾತ್ರಿಗೆ ಎಂದು ಇನ್ನೊಮ್ಮೆ ಹೇಳಿ, ಮನೆಗೆ ಹೋಗಿ ಬೀಗ ತೆಗೆದೆ. ಮರುದಿನ ಸಂಜೆ ಅವರು ಗೇಟಿನ ಬಳಿ ಬಂದರು, ಎರಡು ಮಾತಾಡಿದರು, ಹೋದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ. ಅವರು ಕೆಟ್ಟವರಲ್ಲ, ನಮ್ಮೂರಿನವರು ಅಷ್ಟೇ. ಆ ಮಳೆಗಾಲ, ಆ ಚಳಿಗಾಲ ಎರಡನ್ನೂ ನಾನು ಆಸ್ಪತ್ರೆಯಲ್ಲಿ ಸ್ಟೂಲಿನ ಮೇಲೆ ಕೂತು, ಊರಿನವರ ಜೊತೆ ಕಾಯುತ್ತ ಕಳೆದೆ. ಅವರ ಸುತ್ತ ಅವರವರ ಮಂದಿ ಇದ್ದರು.

ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿದೆ. ಮತ್ತೆ ಕರೆ ಬಂತು. ಈ ಸಲ ದಿನವಿಡೀ ನನ್ನ ಕೈ ಎಲ್ಲೂ ತಪ್ಪಲಿಲ್ಲ, ಬಾಯಿಯೂ ತಪ್ಪಲಿಲ್ಲ. ಯಾರೂ ಬಂದು ಬೆಂಚಿನ ಮೇಲೆ ಕೂರಲೂ ಇಲ್ಲ. ಸಂಜೆ ಮೇಡಂ, ಇನ್ನಿಬ್ಬರು ಹಿರಿಯ ಡಾಕ್ಟರುಗಳು ಮೇಜಿನ ಆಚೆ ಕೂತು ಅದು ಇದು ಕೇಳಿದರು, ಎಲ್ಲಕ್ಕೂ ಹೇಳಿದೆ. ಕೊನೆಗೆ ಮೇಡಂ ಪೆನ್ನು ಕೆಳಗಿಟ್ಟರು. "ನಿಮ್ಮ ಯಜಮಾನ್ರು ಹೇಗಿದಾರೆ?"

"ಚೆನ್ನಾಗಿದಾರೆ ಮೇಡಂ."

"ಒಂದೇ ಪ್ರಶ್ನೆ. ನೀವಿಲ್ಲಿ ಡ್ಯೂಟಿಯಲ್ಲಿರ್ತೀರಿ. ಹೋದ ವರ್ಷದ ಹಾಗೇ ಅವರು ಹಾಸಿಗೆ ತಗೊಂಡು ಬಂದು, ಇನ್ನೂ ಏನೂ ಆಗಿಲ್ಲ ಅಂತಾರೆ. ಒಳಗೆ ಒಬ್ಬನಿಗೆ ಟ್ರಾಲಿ ಬೇಕು. ಏನು ಮಾಡ್ತೀರಿ?"

ಫ್ಯಾನು ತಿರುಗುತ್ತಿತ್ತು. ನನಗೆ ಆ ಇಸ್ತ್ರಿ ಅಂಗಿ ಕಂಡಿತು, ಅವರು ಬಸ್ಸು ಹತ್ತಿದ್ದು ಕಂಡಿತು. ಲೋಕದಲ್ಲಿ ನನ್ನನ್ನು ಹುಡುಕಿಕೊಂಡು ಬಂದ ಒಬ್ಬನೇ ಮನುಷ್ಯ.

"ಟ್ರಾಲಿ ಒಳಗೆ ಕಳಿಸ್ತೀನಿ. ಅವರನ್ನ ಬೆಂಚ್ ಮೇಲೆ ಕೂರಿಸ್ತೀನಿ ಮೇಡಂ. ಅವರ ಸರದಿ ಬಂದಾಗ ನೋಡ್ತೀನಿ" ಎಂದೆ.

ಮೂವರೂ ನನ್ನ ಮುಖವನ್ನೇ ನೋಡಿದರು. ನಾನು ರೆಪ್ಪೆ ಹೊಡೆಯಲಿಲ್ಲ. ಹೇಳಿದ್ದು ಸುಳ್ಳೋ ನಿಜವೋ ನನಗೆ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಮೇಡಂ ಪೆನ್ನು ತೆಗೆದುಕೊಂಡು ಏನೋ ಬರೆದರು. ಸೀಟು ಸಿಕ್ಕಿತು.

ಹೊರಗೆ ಬಂದು ಪಂಪಾಪತಿಗೆ ಫೋನ್ ಮಾಡಿದೆ. ಅವರು ನನಗಿಂತ ಹೆಚ್ಚು ಖುಷಿಪಟ್ಟರು, ಅತ್ತಿಗೆಗೆ ಕೂಗಿ ಹೇಳಿದರು. ಆಮೇಲೆ, ಮೇಷ್ಟ್ರಲ್ಲವೇ, ಏನು ಪ್ರಶ್ನೆ ಕೇಳಿದರೆಂದು ವಿಚಾರಿಸಿದರು.

"ಏನಿಲ್ಲ ರೀ, ಓದಿನ ವಿಷ್ಯವೇ" ಎಂದೆ.

"ಎಲ್ಲಕ್ಕೂ ಸರಿಯಾಗಿ ಹೇಳಿದ್ಯಾ?"

"ಹೇಳಿದೆ" ಎಂದೆ.